ಅಪ್‌ಡೇಟ್ ಬಂದೈತಿ, ಹಾಕೂದೋ ಬ್ಯಾಡೋ?

ಈ ಸಲ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಫೋನಿನ ಪರದೆಯಲ್ಲಿ ‘ಸಿಸ್ಟಮ್ ಅಪ್‌ಡೇಟ್’ ಎಂಬ ಸೂಚನೆ ಬಂದು ಕೂತಿದೆ, ಒತ್ತಲು ಕೈ ಬರುತ್ತಿಲ್ಲ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಅಪ್‌ಡೇಟ್ ಹಾಕಿದ ಮ್ಯಾಲೆ ಫೋನ್ ಎಮ್ಮಿ ನಡದಂಗ ನಡೀತೈತಿ ಅಂತ ನಮ್ಮೂರಾಗ ಎಲ್ಲಾರೂ ಅಂತಾರ. ಹೊಸಾದು ಕೊಳ್ಳಲಿ ಅಂತ ಕಂಪನಿಯವ್ರೇ ಹಳೇದನ್ನ ಕೆಡಸ್ತಾರ ಅನ್ನೂದು ಖರೇ ಏನ್ರಿ? – ಮುಧೋಳ

ನಿಮ್ಮೂರಿನವರ ಅನುಮಾನಕ್ಕೆ ಆಧಾರವಿದೆ. 2017ರ ಜನವರಿಯಲ್ಲಿ ಬಂದ ಐಒಎಸ್ (ಐಫೋನಿನ ಆಪರೇಟಿಂಗ್ ಸಿಸ್ಟಮ್) 10.2.1, ಬ್ಯಾಟರಿ ಸವೆದ ಐಫೋನ್‌ಗಳ ಪ್ರೊಸೆಸರ್ ವೇಗವನ್ನು ಸದ್ದಿಲ್ಲದೆ ತಗ್ಗಿಸಿತು. ಬಳಕೆದಾರರು ವೇಗ ಅಳೆದು ತೋರಿಸಿದ ಮೇಲೆ, ಅದೇ ವರ್ಷದ ಡಿಸೆಂಬರ್‌ನಲ್ಲಿ ಆಪಲ್ ಇದನ್ನು ಒಪ್ಪಿಕೊಂಡಿತು. ಬ್ಯಾಟರಿ ಬದಲಿಸುವ ದರವನ್ನು 79 ಡಾಲರ್‌ನಿಂದ 29ಕ್ಕೆ ಇಳಿಸಿತು. 2020ರಲ್ಲಿ ಅಮೆರಿಕದ ಮೊಕದ್ದಮೆಯೊಂದರಲ್ಲಿ 50 ಕೋಟಿ ಡಾಲರ್‌ವರೆಗೆ ಪರಿಹಾರ ಕೊಡಲು ಒಪ್ಪಿತು. 2018ರ ಅಕ್ಟೋಬರ್‌ನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಆಪಲ್‌ಗೆ 1 ಕೋಟಿ ಯೂರೋ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ಹಾಕಿತು. ನೋಟ್ 7ಕ್ಕೆಂದು ಹೊಲಿದ ಅಂಗಿಯಂಥ ಆಂಡ್ರಾಯ್ಡನ್ನು ಹಳೆಯ ನೋಟ್ 4ರವರಿಗೂ ಹಾಕಿಕೊಳ್ಳಿ ಎಂದು ಒತ್ತಾಯಿಸಿದ್ದು ಸ್ಯಾಮ್‌ಸಂಗ್ ಮೇಲಿದ್ದ ಆರೋಪ. 2025ರ ಜುಲೈನಲ್ಲಿ ಗೂಗಲ್ ತನ್ನ ಪಿಕ್ಸೆಲ್ 6ಎಗೆ ಕೊಟ್ಟ ಅಪ್‌ಡೇಟ್, ಕೆಲವು ಫೋನುಗಳಲ್ಲಿ ಬ್ಯಾಟರಿ 400 ಚಾರ್ಜ್ ಸುತ್ತು ದಾಟಿದ ಮೇಲೆ ಅದರ ಸಾಮರ್ಥ್ಯವನ್ನೇ ಕಡಿಮೆ ಮಾಡುತ್ತದೆ. ವಿಪರೀತ ಬಿಸಿಯಾಗುವ ಅಪಾಯ ತಡೆಯಲು ಹೀಗೆ ಮಾಡುತ್ತಿದ್ದೇವೆ ಎಂದು ಗೂಗಲ್ ಮೊದಲೇ ಹೇಳಿತ್ತು.

ಐಫೋನಿನ ವೇಗ ತಗ್ಗಿಸಿದ್ದಕ್ಕೆ ಕಾರಣ ಇಷ್ಟು: ಬ್ಯಾಟರಿ ಹಳತಾದಂತೆ ಅದರ ಒಳಗಿನ ರೋಧ ಹೆಚ್ಚುತ್ತದೆ. ಪ್ರೊಸೆಸರ್ ಒಮ್ಮೆಲೇ ಜೋರಾಗಿ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು ಫೋನ್ ಶೇ 30 ಚಾರ್ಜ್ ಇದ್ದಾಗಲೇ ಆಫ್ ಆಗುತ್ತದೆ. ಹೊಲದಲ್ಲಿ ಪಂಪ್‌ಸೆಟ್ ಶುರುವಾದ ಕ್ಷಣ ಗುಡಿಸಲಿನ ಬಲ್ಬ್ ಮಂಕಾಗುವುದೂ ಇದೇ ಲೆಕ್ಕ. ವೇಗ ತಗ್ಗಿಸಿದರೆ ಫೋನ್ ಆಫ್ ಆಗುವುದು ತಪ್ಪುತ್ತದೆ. ಆಪಲ್‌ನ ತಪ್ಪೆಂದರೆ ಅದನ್ನು ಮುಚ್ಚಿಟ್ಟದ್ದು. ಈಗ ಐಫೋನಿನ ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ ಆರೋಗ್ಯದ ಶೇಕಡಾವಾರು ಕಾಣುತ್ತದೆ. ಅದು 80ಕ್ಕಿಂತ ಕೆಳಗಿದ್ದರೆ ಅಪ್‌ಡೇಟನ್ನು ಬೈಯುವ ಮೊದಲು ಬ್ಯಾಟರಿ ಬದಲಿಸಿ.

ಆದರೆ ಮುಧೋಳದಲ್ಲಿ ಬಹುಪಾಲು ಜನ ಹಿಡಿದಿರುವುದು ಆಂಡ್ರಾಯ್ಡ್. ಅಲ್ಲಿ ‘ಸ್ಲೋ ಆಯ್ತು’ ಎನ್ನುವ ದೂರು ಬರುವುದು ಹೆಚ್ಚಾಗಿ ಮೊದಲ ಎರಡು-ಮೂರು ದಿನಗಳಲ್ಲಿ. ಹೊಸ ಆವೃತ್ತಿ ಕೂತ ಮೇಲೆ ಫೋನ್ ಪ್ರತಿಯೊಂದು ಆ್ಯಪ್‌ನ ಕೋಡನ್ನು ತನ್ನ ಪ್ರೊಸೆಸರ್‌ಗೆ ತಕ್ಕಂತೆ ಮತ್ತೆ ಅನುವಾದಿಸಿಕೊಳ್ಳಬೇಕು, ಫೋಟೋಗಳನ್ನು ಮತ್ತೆ ಪಟ್ಟಿ ಮಾಡಬೇಕು. ಈ ಕೆಲಸವನ್ನು ಅದು ಮಾಡುವುದು ಚಾರ್ಜರ್ ಸಿಕ್ಕಿಸಿದ್ದು, ಯಾರೂ ಮುಟ್ಟದೆ ಸುಮ್ಮನಿರುವಾಗ. ಹೀಗಾಗಿ ಮೂರು ರಾತ್ರಿ ಚಾರ್ಜಿಗಿಟ್ಟು ಪರದೆ ಆಫ್ ಮಾಡಿ ಬಿಟ್ಟುಬಿಡಿ, ಪ್ಲೇಸ್ಟೋರ್‌ನಲ್ಲಿ ಎಲ್ಲ ಆ್ಯಪ್‌ಗಳನ್ನೂ ಹೊಸದು ಮಾಡಿ. ನಾಲ್ಕನೇ ದಿನವೂ ತೆವಳುತ್ತಿದ್ದರೆ ಖಾಲಿ ಜಾಗ ನೋಡಿ. ಅಗ್ಗದ ಫೋನುಗಳ ಸ್ಟೋರೇಜ್ ತುಂಬುತ್ತ ಬಂದಾಗ ಬರೆಯುವ ವೇಗ ಬಿದ್ದುಹೋಗುತ್ತದೆ. 3 ಅಥವಾ 4 ಜಿಬಿ ರಾಮ್‌ನ ಫೋನ್ ಮಾತ್ರ ಎರಡನೇ ದೊಡ್ಡ ಆವೃತ್ತಿಯ ಹೊತ್ತಿಗೆ ನಿಜವಾಗಿಯೂ ಏದುಸಿರು ಬಿಡುತ್ತದೆ. ಅದಕ್ಕೆ ಮದ್ದಿಲ್ಲ.

ಪ್ರಶ್ನೆ: ಹಂಗಾದ್ರ ಎಷ್ಟು ದಿನ ಕಾಯೂದು ಚಲೋ? – ಬೆಳಗಾವಿ, ಚಿಕ್ಕೋಡಿ

ಬಂದಿರುವ ಅಪ್‌ಡೇಟ್ ಯಾವ ಜಾತಿಯದು ಎಂದು ಮೊದಲು ನೋಡಿ. ‘ಸೆಕ್ಯುರಿಟಿ ಪ್ಯಾಚ್’ (ಭದ್ರತೆಯ ದೋಷ ಮುಚ್ಚುವ ತೇಪೆ) ಎಂದಿದ್ದು 100ರಿಂದ 500 ಎಂಬಿ ಇದ್ದರೆ ಅದೇ ವಾರ ಹಾಕಿ. ಆಂಡ್ರಾಯ್ಡ್ 15ರಿಂದ 16ಕ್ಕೆ ಹೋಗುವಂಥ ಪೂರ್ತಿ ಆವೃತ್ತಿಯಾಗಿದ್ದು 2 ಜಿಬಿಗಿಂತ ದೊಡ್ಡದಿದ್ದರೆ ಎರಡು-ಮೂರು ವಾರ ತಡೆಯಿರಿ. ನಿಮ್ಮದೇ ಮಾಡೆಲ್ ಇರುವ ಬೇರೆಯವರ ಅನುಭವ ಅಷ್ಟರಲ್ಲಿ ತಿಳಿಯುತ್ತದೆ. ಗಂಭೀರ ದೋಷವಿದ್ದರೆ ಕಂಪನಿಯೂ ಸಾಮಾನ್ಯವಾಗಿ ವಿತರಣೆ ನಿಲ್ಲಿಸಿ ತಿದ್ದುಪಡಿ ಬಿಟ್ಟಿರುತ್ತದೆ.

ಪ್ಯಾಚ್‌ಗೆ ಯಾಕೆ ಅವಸರ? ಕೇವಲ ಒಂದು ಎಂಎಂಎಸ್ ಸಂದೇಶದಿಂದ ಫೋನಿನೊಳಗೆ ನುಗ್ಗಬಹುದಾದ ‘ಸ್ಟೇಜ್‌ಫ್ರೈಟ್’ ದೋಷ 2015ರ ಜುಲೈನಲ್ಲಿ ಬಯಲಾದ ಮೇಲೆ, ಆಗಸ್ಟ್‌ನಿಂದ ಗೂಗಲ್ ಪ್ರತಿ ತಿಂಗಳು ದೋಷಗಳ ಪಟ್ಟಿ ಪ್ರಕಟಿಸುತ್ತಿದೆ. ಪಟ್ಟಿ ಪ್ರಕಟವಾಯಿತೆಂದರೆ ಯಾವ ಗೋಡೆಯಲ್ಲಿ ಕಿಂಡಿ ಇದೆ ಎಂದು ಕಳ್ಳನಿಗೂ ಗೊತ್ತಾಯಿತು. ಆಮೇಲಿನ ಪ್ರತಿ ವಾರ ಕಿಂಡಿ ತೆರೆದೇ ಇರುವುದು ಪ್ಯಾಚ್ ಹಾಕದವರ ಮನೆಯಲ್ಲಿ. ಸೆಟ್ಟಿಂಗ್ಸ್, ಅಬೌಟ್ ಫೋನ್, ಆಂಡ್ರಾಯ್ಡ್ ವರ್ಷನ್ – ಇಲ್ಲಿ ‘ಸೆಕ್ಯುರಿಟಿ ಪ್ಯಾಚ್ ಲೆವಲ್’ ಎಂದು ಒಂದು ದಿನಾಂಕ ಇರುತ್ತದೆ. ಅದು ತಿಂಗಳ 1 ಅಥವಾ 5ನೇ ತಾರೀಕಾಗಿರುತ್ತದೆ. 5 ಇದ್ದರೆ ಚಿಪ್ ಮತ್ತು ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ತಿದ್ದುಪಡಿಗಳೂ ಸೇರಿವೆ ಎಂದರ್ಥ. ಅದು ಆರು ತಿಂಗಳಿಗಿಂತ ಹಳೆಯದಾಗಿದ್ದು ಅದೇ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಇದ್ದರೆ, ಹಿಂಜರಿಕೆಯ ಅವಧಿ ಮುಗಿದಿದೆ.

ಪ್ರಶ್ನೆ: ನಮ್ಮದು 64 ಜಿಬಿ ಫೋನ್, ದಿನಕ್ಕ 1.5 ಜಿಬಿ ಪ್ಯಾಕ್. ಅಪ್‌ಡೇಟ್ 2.8 ಜಿಬಿ ಐತಿ, ‘ಜಾಗ ಇಲ್ಲ’ ಅಂತೈತಿ. ದ್ರಾಕ್ಷಿ ತ್ವಾಟದಾಗ ವೈಫೈ ಎಲ್ಲಿಂದ ತರೂದು? – ತಿಕೋಟಾ

ಜಾಗ ಮೊದಲು. ಡೌನ್‌ಲೋಡ್ 2.8 ಜಿಬಿ ಎಂದರೂ ಅದನ್ನು ಬಿಚ್ಚಿ ಕೂಡಿಸಲು ಇನ್ನಷ್ಟು ಬೇಕು. ಸುಮಾರು 10 ಜಿಬಿ ಖಾಲಿ ಮಾಡಿಕೊಂಡರೆ ನೆಮ್ಮದಿ. ದೊಡ್ಡ ಕಸ ಇರುವುದು ವಾಟ್ಸಾಪ್‌ನಲ್ಲೇ: ಸೆಟ್ಟಿಂಗ್ಸ್, ಸ್ಟೋರೇಜ್ ಆ್ಯಂಡ್ ಡೇಟಾ, ಮ್ಯಾನೇಜ್ ಸ್ಟೋರೇಜ್. ಅಲ್ಲಿ 5 ಎಂಬಿಗಿಂತ ದೊಡ್ಡವು, ಹಲವು ಬಾರಿ ಫಾರ್ವರ್ಡ್ ಆದವು ಎಂದು ಬೇರೆಯಾಗಿಯೇ ಗುಂಪು ಮಾಡಿಟ್ಟಿರುತ್ತದೆ. ಗುಡ್ ಮಾರ್ನಿಂಗ್ ವಿಡಿಯೊಗಳು ಹೋಗಲಿ, ದ್ರಾಕ್ಷಿ ವ್ಯಾಪಾರದ ರಸೀದಿ ಫೋಟೋಗಳು ಇರಲಿ. ಫೋನಿನ ಆ್ಯಪ್ ಪಟ್ಟಿಗೆ ಹೋಗಿ ವಾಟ್ಸಾಪ್‌ನ ‘ಕ್ಲಿಯರ್ ಡೇಟಾ’ ಮಾತ್ರ ಒತ್ತಬೇಡಿ, ಚಾಟ್ ಪೂರ್ತಿ ಅಳಿಸಿಹೋಗುತ್ತದೆ. ‘ಕ್ಲಿಯರ್ ಕ್ಯಾಶ್’ ಒತ್ತಿದರೆ ತೊಂದರೆ ಇಲ್ಲ.

ಡೇಟಾಕ್ಕೆ ಒಂದು ಉಪಾಯ: ದಿನದ ಮಿತಿ ನಡುರಾತ್ರಿ 12ಕ್ಕೆ ಹೊಸದಾಗುತ್ತದೆ. ಹಗಲಲ್ಲಿ ಕಡಿಮೆ ಬಳಸಿ, ರಾತ್ರಿ 11ಕ್ಕೆ ಡೌನ್‌ಲೋಡ್ ಶುರು ಮಾಡಿದರೆ ಎರಡು ದಿನದ ಪಾಲು ಸೇರಿ 3 ಜಿಬಿ ಆಗುತ್ತದೆ. ಕೆಲವು ಫೋನುಗಳು ಮೊಬೈಲ್ ಡೇಟಾದಲ್ಲಿ ದೊಡ್ಡ ಅಪ್‌ಡೇಟ್ ಇಳಿಸಲು ಒಪ್ಪುವುದಿಲ್ಲ. ಆಗ ಮನೆಯ ಇನ್ನೊಂದು ಫೋನಿನ ಹಾಟ್‌ಸ್ಪಾಟ್ ಅದಕ್ಕೆ ವೈಫೈ ಆಗಿಯೇ ಕಾಣುತ್ತದೆ.

ಪ್ರಶ್ನೆ: ನಡುವೆ ನೆಟ್‌ವರ್ಕ್ ಹೋದರೆ, ಕರೆಂಟ್ ಹೋದರೆ ಫೋನ್ ಸತ್ತೇ ಹೋಗುತ್ತದೆಯೇ? – ಖಾನಾಪುರ

ನೆಟ್‌ವರ್ಕ್ ಹೋದರೆ ಏನೂ ಆಗದು. ಡೌನ್‌ಲೋಡ್ ನಿಂತು, ಸಿಗ್ನಲ್ ಬಂದಾಗ ಮುಂದುವರಿಯುತ್ತದೆ. ಇಳಿದ ಫೈಲಿನ ಡಿಜಿಟಲ್ ಸಹಿಯನ್ನು ಫೋನ್ ತಾಳೆ ನೋಡುತ್ತದೆ, ಅರೆಬರೆ ಫೈಲನ್ನು ಅದು ಹಾಕಿಕೊಳ್ಳುವುದೇ ಇಲ್ಲ. ಅಪಾಯವಿರುವುದು ಅನುಸ್ಥಾಪನೆಯ ಹೊತ್ತಿನಲ್ಲಿ, ಅದೂ ಹಳೆಯ ಬಗೆಯ ಫೋನುಗಳಲ್ಲಿ.

2016ರ ಆಂಡ್ರಾಯ್ಡ್ 7ರಿಂದ ‘ಎ’ ಮತ್ತು ‘ಬಿ’ ಎಂಬ ಜೋಡಿ ಕೋಣೆಗಳ ವ್ಯವಸ್ಥೆ ಬಂತು. ನೀವು ‘ಎ’ಯಲ್ಲಿ ಫೋನ್ ಬಳಸುತ್ತಿರುವಾಗಲೇ ‘ಬಿ’ಯಲ್ಲಿ ಹೊಸ ಆವೃತ್ತಿ ಕೂರುತ್ತದೆ. ರೀಸ್ಟಾರ್ಟ್ ಆದಾಗ ‘ಬಿ’ ಏಳದಿದ್ದರೆ ಫೋನ್ ತಾನಾಗಿಯೇ ‘ಎ’ಗೆ ಮರಳುತ್ತದೆ. ನಿಮ್ಮದು ಯಾವ ಬಗೆ ಎಂದು ಗುರುತಿಸುವುದು ಸುಲಭ: ‘ಇನ್‌ಸ್ಟಾಲ್ ಆಗುತ್ತಿದೆ’ ಎಂದು ತೋರಿಸುವಾಗಲೂ ಕರೆ ಮಾಡಲು ಬಂದರೆ ಅದು ಜೋಡಿ ಕೋಣೆಯ ಫೋನ್. ರೀಸ್ಟಾರ್ಟ್ ಆಗಿ, ಖಾಲಿ ಪರದೆಯ ಮೇಲೆ ಶೇಕಡಾವಾರು ಪಟ್ಟಿ ಓಡತೊಡಗಿದರೆ ಹಳೆಯ ಬಗೆ. ಆ 10–20 ನಿಮಿಷ ಪವರ್ ಬಟನ್ ಒತ್ತಿಹಿಡಿಯಬಾರದು. ‘ಹ್ಯಾಂಗ್ ಆಗೇತಿ’ ಎಂದು ತಾಳ್ಮೆಗೆಟ್ಟು ಒತ್ತುವುದರಿಂದಲೇ ಎಷ್ಟೋ ಫೋನುಗಳು ಕೆಡುತ್ತವೆ. ಕರೆಂಟ್ ಹೋಗುವ ಚಿಂತೆಗೆ ಶೇ 50ಕ್ಕಿಂತ ಹೆಚ್ಚು ಚಾರ್ಜ್ ಇಟ್ಟುಕೊಂಡು ಶುರು ಮಾಡಿದರೆ ಸಾಕು. ಫೋನಿನೊಳಗೆ ಬ್ಯಾಟರಿ ಇದೆಯಲ್ಲ!

ಪ್ರಶ್ನೆ: ಸೀರೆ ಆರ್ಡರ್ ಎಲ್ಲಾ ವಾಟ್ಸಾಪ್‌ನ್ಯಾಗ, ರೊಕ್ಕ ಯುಪಿಐದಾಗ. ಅಪ್‌ಡೇಟ್ ಮಾಡಿ ಎಲ್ಲಾ ಅಳಿಸಿಹೋದ್ರ ಅಂಗಡಿ ಮುಚ್ಚಬೇಕಾಗತೈತಿ. – ಇಳಕಲ್

ಸರಿಯಾಗಿ ನಡೆದ ಅಪ್‌ಡೇಟ್ ಚಾಟನ್ನಾಗಲಿ ಫೋಟೋಗಳನ್ನಾಗಲಿ ಮುಟ್ಟುವುದಿಲ್ಲ. ನೂರರಲ್ಲಿ ಒಂದಕ್ಕೆ ಎಡವಟ್ಟಾಗಿ ಫ್ಯಾಕ್ಟರಿ ರೀಸೆಟ್ (ಎಲ್ಲ ಅಳಿಸಿ ಹೊಸ ಫೋನಿನಂತಾಗಿಸುವುದು) ಮಾಡಬೇಕಾದರೆ ಎಂಬ ಭಯಕ್ಕೆ ಸಿದ್ಧತೆ ಮಾಡಿಕೊಳ್ಳಬೇಕು. ಅಂಗಡಿ ರಜೆ ಇರುವ ದಿನದ ಹಿಂದಿನ ರಾತ್ರಿ ಇದಕ್ಕೆ ಒಳ್ಳೆಯ ಹೊತ್ತು.

ವಾಟ್ಸಾಪ್‌ನ ಚಾಟ್ಸ್ ವಿಭಾಗದಲ್ಲಿ ಚಾಟ್ ಬ್ಯಾಕಪ್ ಒತ್ತಿ, ಮುಗಿದ ಮೇಲೆ ತಾರೀಕು ಇಂದಿನದೇ ಎಂದು ನೋಡಿಕೊಳ್ಳಿ. ಈ ಬ್ಯಾಕಪ್ ಈಗ ಗೂಗಲ್‌ನ 15 ಜಿಬಿ ಉಚಿತ ಜಾಗದ ಲೆಕ್ಕಕ್ಕೇ ಸೇರುತ್ತದೆ. ಜಾಗ ತುಂಬಿದ್ದರೆ ಬ್ಯಾಕಪ್ ಆಗದೇ ನಿಂತಿರುತ್ತದೆ, ವಾರಗಟ್ಟಲೆ ಯಾರೂ ಗಮನಿಸಿರುವುದಿಲ್ಲ. ಗಿರಾಕಿಗಳ ನಂಬರು ‘ಫೋನ್’ನಲ್ಲಿ ಸೇವ್ ಆಗಿದೆಯೋ ಗೂಗಲ್ ಖಾತೆಯಲ್ಲೋ ಎಂಬುದನ್ನು ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ನೋಡಿ, ಖಾತೆಗೆ ಸಾಗಿಸಿ.

ಇಲ್ಲಿ ಬಹಳ ಜನ ಎಡವುವುದು ಪಾಸ್‌ವರ್ಡ್‌ನಲ್ಲಿ. ಫೋನ್ ಕೊಂಡ ದಿನ ಅಂಗಡಿಯ ಹುಡುಗನೇ ಜಿಮೇಲ್ ಖಾತೆ ತೆರೆದುಕೊಟ್ಟಿರುತ್ತಾನೆ. ಪಾಸ್‌ವರ್ಡ್ ಯಾರ ನೆನಪಿನಲ್ಲೂ ಇರುವುದಿಲ್ಲ. ರಿಕವರಿಯಿಂದ (ಫೋನ್ ಏಳದಿದ್ದಾಗ ಬಟನ್ ಒತ್ತಿ ತೆರೆಯುವ ದುರಸ್ತಿ ಪರದೆ) ರೀಸೆಟ್ ಆದ ಫೋನ್ ಹಳೆಯ ಗೂಗಲ್ ಖಾತೆಯ ಪಾಸ್‌ವರ್ಡನ್ನೋ ಹಳೆಯ ಪರದೆ ಲಾಕನ್ನೋ ಕೇಳಿಯೇ ತೀರುತ್ತದೆ. ಅವೆರಡೂ ಇಲ್ಲದಿದ್ದರೆ ಫೋನೂ ಇಲ್ಲ, ಬ್ಯಾಕಪ್ಪೂ ಇಲ್ಲ. ಅಪ್‌ಡೇಟಿಗೆ ಮುಂಚೆ ಇನ್ನೊಂದು ಫೋನಿನಲ್ಲಿ ಆ ಖಾತೆಗೆ ಲಾಗಿನ್ ಆಗಿ ನೋಡಿ. ಅದು ಸಾಧ್ಯವಾಗದಿದ್ದರೆ ಮೊದಲು ಪಾಸ್‌ವರ್ಡ್ ಬದಲಿಸಿ, ಅಪ್‌ಡೇಟ್ ಆಮೇಲೆ.

ಯುಪಿಐ ರೊಕ್ಕ ಬ್ಯಾಂಕಿನಲ್ಲಿದೆ, ಫೋನಿನಲ್ಲಿಲ್ಲ. ರೀಸೆಟ್ ಆದರೂ ಅದೇ ಸಿಮ್ ಹಾಕಿ ಮತ್ತೆ ನೋಂದಾಯಿಸಿಕೊಳ್ಳಬಹುದು. ಆ್ಯಪ್ ಆಗ ನಿಮ್ಮ ನಂಬರಿನಿಂದ ಒಂದು ಎಸ್‌ಎಂಎಸ್ ಕಳಿಸುತ್ತದೆ, ಅದಕ್ಕೆ ಪ್ಯಾಕ್ ಚಾಲ್ತಿಯಲ್ಲಿರಬೇಕು. ಕನ್ನಡ ಕೀಬೋರ್ಡ್ ಮಾಯವಾಗಿ ಇಂಗ್ಲಿಷ್ ಮಾತ್ರ ಕಂಡರೆ ಗಾಬರಿ ಬೇಡ, ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಮತ್ತೆ ಆನ್ ಮಾಡಿಕೊಳ್ಳಿ.

ಪ್ರಶ್ನೆ: ಹಿಡಿಸದಿದ್ದರೆ ಹಳೆಯದಕ್ಕೆ ವಾಪಸ್ ಹೋಗಬಹುದೇ? – ಬನಹಟ್ಟಿ

ಸಾಮಾನ್ಯ ಬಳಕೆದಾರರಿಗೆ ಇಲ್ಲ ಎಂದೇ ತಿಳಿಯಿರಿ. ದೋಷವಿರುವ ಹಳೆಯ ಆವೃತ್ತಿಯನ್ನು ಕಳ್ಳರು ಮರಳಿ ಹಾಕದಂತೆ ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ತಡೆ ಇರುತ್ತದೆ. ಆಪಲ್ ಅಂತೂ ಹೊಸದು ಬಂದು ಕೆಲ ದಿನಗಳಲ್ಲೇ ಹಳೆಯ ಐಒಎಸ್‌ಗೆ ಡಿಜಿಟಲ್ ಸಹಿ ಹಾಕುವುದನ್ನು ನಿಲ್ಲಿಸುತ್ತದೆ, ಸಹಿ ಇಲ್ಲದ್ದನ್ನು ಫೋನ್ ಹಾಕಿಕೊಳ್ಳುವುದಿಲ್ಲ. ‘ಬೂಟ್‌ಲೋಡರ್ (ಫೋನನ್ನು ಎಬ್ಬಿಸುವ ಮೊದಲ ಸಾಫ್ಟ್‌ವೇರ್) ಅನ್‌ಲಾಕ್ ಮಾಡಿ ಕೊಡ್ತೀನಿ’ ಎನ್ನುವವರ ಹತ್ತಿರ ಹೋದರೆ ಫೋನಿನಲ್ಲಿದ್ದದ್ದೆಲ್ಲ ಅಳಿಯುತ್ತದೆ, ಆಮೇಲೆ ಬ್ಯಾಂಕ್ ಆ್ಯಪ್‌ಗಳು ತೆರೆಯಲು ತಕರಾರು ಮಾಡುತ್ತವೆ.

ಪ್ರಶ್ನೆ: ಅಪ್‌ಡೇಟ್ ಹಾಕಿದ ಮರುದಿನವೇ ಪರದೆಯ ಮೇಲೆ ಹಸಿರು ಗೆರೆ ಬಂತು. ತಪ್ಪು ಯಾರದು? – ವಿಜಯಪುರ

ಮೊದಲು ಸ್ಕ್ರೀನ್‌ಶಾಟ್ ತೆಗೆದು ಇನ್ನೊಬ್ಬರ ಫೋನಿಗೆ ಕಳಿಸಿ. ಅಲ್ಲಿ ಗೆರೆ ಕಾಣದಿದ್ದರೆ ಸಾಫ್ಟ್‌ವೇರ್ ಚಿತ್ರ ಸರಿಯಾಗಿದೆ, ಕೆಟ್ಟಿರುವುದು ಅಮೋಲೆಡ್ ಪರದೆ ಅಥವಾ ಅದರ ತೆಳು ಪಟ್ಟಿಯ ಜೋಡಣೆ. ರೀಸೆಟ್ ಮಾಡಿದರೆ ಅದು ಹೋಗದು. ಅಪ್‌ಡೇಟ್ ನಡೆಯುವಾಗ ಪ್ರೊಸೆಸರ್ ಬಹಳ ಹೊತ್ತು ಕೆಲಸ ಮಾಡಿ ಫೋನ್ ಬಿಸಿಯಾಗುತ್ತದೆ, ಮೊದಲೇ ಸಡಿಲವಿದ್ದ ಜೋಡಣೆ ಆಗ ಬಾಯಿಬಿಡಬಹುದು. ಕೆಲವು ಕಂಪನಿಗಳು ಭಾರತದಲ್ಲಿ ಇಂಥ ಗೆರೆಗೆ ವಾರಂಟಿ ಮುಗಿದ ಮೇಲೂ ಉಚಿತವಾಗಿ ಪರದೆ ಬದಲಿಸಿಕೊಟ್ಟಿವೆ. ಹೊರಗಿನ ಅಂಗಡಿಯಲ್ಲಿ ಬಿಚ್ಚಿಸುವ ಮೊದಲು ಅಧಿಕೃತ ಸೇವಾ ಕೇಂದ್ರದಲ್ಲಿ ಮಾಡೆಲ್ ಹೇಳಿ ವಿಚಾರಿಸಿ. ಒಮ್ಮೆ ಬಿಚ್ಚಿದರೆ ಆ ಬಾಗಿಲು ಮುಚ್ಚಿದಂತೆ.

ನಿಮ್ಮೂರಿನ ಏಪ್ರಿಲ್–ಮೇ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಐಫೋನ್ ಬಳಸಲು ಆಪಲ್ ಹೇಳುವ ಸುತ್ತಲಿನ ಉಷ್ಣತೆಯ ಮಿತಿಯೇ 35. ತಗಡಿನ ಮಾಡಿನ ಕೆಳಗೆ ಮಧ್ಯಾಹ್ನ ಅಪ್‌ಡೇಟ್ ಬೇಡ. ಬೆಳಗಿನ 5–6 ಗಂಟೆಗೆ, ಕವರ್ ತೆಗೆದು, ಗಾದಿಯ ಬದಲು ಶಹಾಬಾದ್ ಕಲ್ಲಿನ ನೆಲದ ಮೇಲಿಟ್ಟು ಮಾಡಿ.

ಪ್ರಶ್ನೆ: ‘ತುರ್ತು ಸಿಸ್ಟಮ್ ಅಪ್‌ಡೇಟ್’ ಅಂತ ವಾಟ್ಸಾಪ್‌ಗೆ ಒಂದು ಎಪಿಕೆ (ಆ್ಯಪ್ ಇನ್‌ಸ್ಟಾಲ್ ಮಾಡುವ) ಫೈಲ್ ಬಂದಿತ್ತು, ಒತ್ತಿಬಿಟ್ಟೀನಿ. – ಗೋಕಾಕ

ಫೋನಿನ ಆಪರೇಟಿಂಗ್ ಸಿಸ್ಟಮ್ ಎಂದೂ ವಾಟ್ಸಾಪ್‌ನಲ್ಲಿ ಬರುವುದಿಲ್ಲ, ಅದು ಸೆಟ್ಟಿಂಗ್ಸ್ ಒಳಗಿನಿಂದಲೇ ಬರಬೇಕು. ಈಗಲೇ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಆಫ್ ಮಾಡಿ. ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ ತಡೆಹಿಡಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಿ. ಬಳಿಕ ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಕೊಟ್ಟ ‘ಆ್ಯಕ್ಸೆಸಿಬಿಲಿಟಿ’ ಮತ್ತು ‘ಡಿವೈಸ್ ಅಡ್ಮಿನ್’ ಅನುಮತಿ ಕಿತ್ತುಹಾಕಿ, ಅನ್‌ಇನ್‌ಸ್ಟಾಲ್ ಮಾಡಿ. ಈ ಅನುಮತಿಗಳಿದ್ದರೆ ಅದು ತನ್ನನ್ನು ತೆಗೆಯಲು ಬಿಡುವುದಿಲ್ಲ. ನೆಟ್‌ವರ್ಕ್ ಆನ್ ಮಾಡಿದ ಕೂಡಲೇ ##002# ಡಯಲ್ ಮಾಡಿದರೆ ಕಳ್ಳರು ಹಾಕಿರಬಹುದಾದ ಕಾಲ್ ಫಾರ್ವರ್ಡಿಂಗ್ ರದ್ದಾಗುತ್ತದೆ. ಪಾಸ್‌ವರ್ಡ್ ಮತ್ತು ಯುಪಿಐ ಪಿನ್ ಬದಲಾವಣೆಯನ್ನು ಈ ಫೋನಿನಲ್ಲಿ ಮಾಡಬೇಡಿ. ಫೋಟೋಗಳನ್ನು ಬೇರೆಡೆ ಉಳಿಸಿಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿದರೆ ಇನ್ನೂ ನಿಶ್ಚಿಂತೆ.

ಪ್ರಶ್ನೆ: 2019ರ ಫೋನ್. ಎರಡು ವರ್ಷದಿಂದ ಅಪ್‌ಡೇಟೇ ಇಲ್ಲ. ತೊಂದರೆ ತಪ್ಪಿತು ಅನ್ನಲೇ? – ಬಾದಾಮಿ

ಅದನ್ನು ಪ್ರವಾಸಿಗರಿಗೆ ದಾರಿ ತೋರಿಸಲು, ಹಾಡು ಕೇಳಲು ಇಟ್ಟುಕೊಳ್ಳಿ, ಬ್ಯಾಂಕ್ ಆ್ಯಪ್ ತೆಗೆದುಬಿಡಿ. ಆಂಡ್ರಾಯ್ಡ್ 10 ಅಥವಾ ಮೇಲಿನದಾಗಿದ್ದರೆ ‘ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್’ ಎಂಬ ಸಣ್ಣ ತೇಪೆಗಳು ಇನ್ನೂ ಬರುತ್ತಿರಬಹುದು, ಪ್ಯಾಚ್ ಲೆವಲ್ ಇರುವ ಪುಟದಲ್ಲೇ ನೋಡಿ. ಆಂಡ್ರಾಯ್ಡ್ 9 ಆಗಿದ್ದರೆ ಕ್ರೋಮ್ ಕೂಡ 2025ರ ಆಗಸ್ಟ್‌ನಿಂದ ಹೊಸ ಆವೃತ್ತಿ ಕೊಡುತ್ತಿಲ್ಲ. ಮುಂದಿನ ಫೋನ್ ಕೊಳ್ಳುವಾಗ ಕ್ಯಾಮೆರಾದ ಮೆಗಾಪಿಕ್ಸೆಲ್ ಕೇಳುವ ಮೊದಲು ಎಷ್ಟು ವರ್ಷ ಪ್ಯಾಚ್ ಕೊಡುತ್ತೀರಿ ಎಂದು ಕೇಳಿ. ಪಿಕ್ಸೆಲ್ 8 ಮತ್ತು ಗ್ಯಾಲಕ್ಸಿ ಎಸ್24ರಿಂದ ಆ ಎರಡು ಕಂಪನಿಗಳ ದುಬಾರಿ ಫೋನುಗಳಿಗೆ 7 ವರ್ಷದ ಭರವಸೆ ಇದೆ. ಅಗ್ಗದವುಗಳಲ್ಲಿ ಅದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಎಣಿಕೆ ಶುರುವಾಗುವುದು ಆ ಮಾಡೆಲ್ ಬಿಡುಗಡೆಯಾದ ದಿನದಿಂದ. ಎರಡು ವರ್ಷ ಹಳೆಯ ಮಾಡೆಲನ್ನು ರಿಯಾಯಿತಿಯಲ್ಲಿ ಕೊಂಡರೆ ಆ ಎರಡು ವರ್ಷ ಆಗಲೇ ಕಳೆದಿರುತ್ತವೆ.