ಆತಂಕದ ಕಾಯಿಲೆಗೆ ಆಸ್ಪತ್ರೆಯಲ್ಲಿ ಎರಡು ಮಾತ್ರೆ ಕೊಟ್ಟು, ಬಿಡುಗಡೆ ಹೊತ್ತಿಗೆ ಒಂದನ್ನು ಕಡಿಮೆ ಮಾಡಿದ್ದೇಕೆ?

ಕಾಯಿಲೆಗೆ ನಿಜವಾದ ಮದ್ದು ಎಸ್ಸಿಟಲೋಪ್ರಾಮ್. ಕಡಿಮೆ ಮಾಡಿದ್ದು ಕ್ಲೊನಜೆಪಾಮ್; ಎಸ್ಸಿಟಲೋಪ್ರಾಮ್ ಕೆಲಸ ಶುರುಮಾಡುವವರೆಗಿನ ಊರುಗೋಲು ಮಾತ್ರ ಅದು.

ಎಸ್ಸಿಟಲೋಪ್ರಾಮ್ ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕದ ಅಂಶವನ್ನು ಬೇಗ ಹೆಚ್ಚಿಸಿದರೂ ನರಕೋಶಗಳು ಅದಕ್ಕೆ ಹೊಂದಿಕೊಳ್ಳಲು ಎರಡರಿಂದ ಆರು ವಾರ ಬೇಕು. ಮೊದಲ ವಾರ ಚಡಪಡಿಕೆ, ವಾಕರಿಕೆ ಹೆಚ್ಚಬಹುದು. 'ಮಾತ್ರೆ ಆಗಿಬರಲಿಲ್ಲ' ಎಂದು ಬಹಳ ಮಂದಿ ಬಿಡುವುದು ಆಗಲೇ. ಅದಕ್ಕೇ ಸಾಮಾನ್ಯವಾಗಿ 5 ಮಿ.ಗ್ರಾಂ.ನಿಂದ ಶುರುಮಾಡಿ 10ಕ್ಕೆ ಏರಿಸುತ್ತಾರೆ.

ಕ್ಲೊನಜೆಪಾಮ್ ಅರ್ಧ-ಒಂದು ಗಂಟೆಯಲ್ಲೇ ಎದೆಬಡಿತ, ನಡುಕ ತಗ್ಗಿಸುತ್ತದೆ. ಆದರೆ ಮಿದುಳು ಅದಕ್ಕೆ ಒಗ್ಗಿಬಿಡುತ್ತದೆ. ಆದ್ದರಿಂದ ಎರಡು-ನಾಲ್ಕು ವಾರಕ್ಕಷ್ಟೇ ಕೊಟ್ಟು, 0.5 ಮಿ.ಗ್ರಾಂ. ಇದ್ದದ್ದನ್ನು 0.25 ಮಾಡಿ, ಮೆಲ್ಲಗೆ ನಿಲ್ಲಿಸುತ್ತಾರೆ. ಒಮ್ಮೆಲೇ ಬಿಟ್ಟರೆ ನಿದ್ದೆಗೆಡುತ್ತದೆ, ಆತಂಕ ಮರಳುತ್ತದೆ, ಹೆಚ್ಚು ಕಾಲ ತೆಗೆದುಕೊಂಡವರಿಗೆ ಫಿಟ್ಸ್ ಕೂಡ ಬರಬಹುದು. ಇದರ ಜೊತೆ ಮದ್ಯ ಬೇಡವೇ ಬೇಡ, ಉಸಿರಾಟವೇ ಕುಗ್ಗೀತು. ಮದುವೆಮನೆಯ 'ಒಂದೇ ಪೆಗ್' ಕೂಡ ಲೆಕ್ಕಕ್ಕೆ ಬರುತ್ತದೆ.

ಎಸ್ಸಿಟಲೋಪ್ರಾಮ್ ಮಾತ್ರ ಗುಣವಾದ ಮೇಲೂ ಆರು ತಿಂಗಳಿಂದ ವರ್ಷ ಬೇಕು. ಕೊಡಗಿನ ಭಾಗಮಂಡಲದ ಕಡೆಯವರಾದರೆ, ಮಾತ್ರೆ ತಪ್ಪದಂತೆ ಜುಲೈ ಮಳೆಗೆ ರಸ್ತೆ ಮುಳುಗುವ ಮೊದಲೇ ವೈದ್ಯರಿಗೆ ಹೇಳಿ ಒಂದು ತಿಂಗಳ ಮಾತ್ರೆ ಬರೆಸಿಕೊಳ್ಳಿ.