ರ‍್ಯಾಮ್ ಹಾಕಿಸಿದ ಮೇಲೆ ಬ್ಲೂ ಸ್ಕ್ರೀನ್: ಬೋರ್ಡ್ ಬದಲಿಸುವ ಮುಂಚೆ ಇಷ್ಟು ನೋಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಗಂಗಾವತಿಯ ರೈಸ್ ಮಿಲ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತೀರಿ. ಡೆಸ್ಕ್‌ಟಾಪ್ ಐದಾರು ವರ್ಷ ಹಳೆಯದು. ಟ್ಯಾಲಿ ನಿಧಾನ ಅಂತ ಹಳೇ 8 ಜಿಬಿ ರ‍್ಯಾಮ್ ಪಕ್ಕ ಇನ್ನೊಂದು 8 ಜಿಬಿ ಹಾಕಿಸಿದಿರಿ. ಅವತ್ತಿನಿಂದ ದಿನಕ್ಕೆ ಎರಡು ಮೂರು ಸಲ ಬ್ಲೂ ಸ್ಕ್ರೀನ್, ಅಂದರೆ ಪರದೆ ನೀಲಿಯಾಗಿ ವಿಂಡೋಸ್ ಬಿದ್ದುಹೋಗೋದು. ಕೆಲವೊಮ್ಮೆ ಬ್ಲೂ ಸ್ಕ್ರೀನೂ ಬರಲ್ಲ, ಹಾಗೇ ನಿಂತುಬಿಡುತ್ತೆ, ಮೌಸ್ ಕೂಡ ಅಲ್ಲಾಡಲ್ಲ. ಅಂಗಡಿಯವರು ಎರಡು ಸಲ ವಿಂಡೋಸ್ ಹಾಕಿಕೊಟ್ಟರು. ಈಗ ಬೋರ್ಡ್ (ಮದರ್‌ಬೋರ್ಡ್) ಹೋಗಿದೆ ಅಂತಿದ್ದಾರೆ. ಬೋರ್ಡ್ ಹಾಕಿಸಲಾ, ಹೊಸ ಕಂಪ್ಯೂಟರೇ ತಗೊಳ್ಳಲಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಎರಡೂ ಬೇಡ. ಒಂದು ವಾರ ತಡೀರಿ. ಆದರೆ ಒಂದು ಕೆಲಸ ಮಾತ್ರ ಇವತ್ತೇ ಮಾಡಿ. ಟ್ಯಾಲಿ ಡೇಟಾ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿಕೊಳ್ಳಿ. ಹಳೇ ಬ್ಯಾಕಪ್ ಇದ್ದರೆ ಅದರ ಮೇಲೆ ಹಾಕಬೇಡಿ, ಬೇರೆ ಹೆಸರಿನ ಫೋಲ್ಡರ್ ಮಾಡಿ. ರ‍್ಯಾಮ್ ಕೆಟ್ಟಿದ್ದರೆ ಕಾಪಿ ಆಗೋ ಫೈಲೂ ಕೆಡಬಹುದು, ಆಗ ಹಳೇದೇ ಗತಿ. ಡಿಸ್ಕ್ ಕೆಟ್ಟಿದ್ದರಂತೂ ನಾಳೆ ಅದು ಏಳುತ್ತೋ ಇಲ್ವೋ ಹೇಳಕ್ಕಾಗಲ್ಲ.

ಇಷ್ಟು ಗಾಬರಿ ಯಾಕೆ ಅಂದರೆ ನಾನೇ ಒಮ್ಮೆ ಅನುಭವಿಸಿದ್ದೇನೆ. ರಾಯಚೂರಿನ ತೀನ್ ಕಂದೀಲ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಫ್ಲೆಕ್ಸು, ಝೆರಾಕ್ಸು. 2022ರ ಏಪ್ರಿಲ್, ಲಗ್ನದ ಸೀಸನ್. ಕೋರೆಲ್‌ಡ್ರಾದಲ್ಲಿ ಒಂದು ಕಾರ್ಡಿಗೆ ಬೀಗರ ಹೆಸರು ಜೋಡಿಸುತ್ತಿದ್ದೆ. ಇನ್ನು ಎರಡೇ ಸಾಲು, ಅಷ್ಟರಲ್ಲಿ ಬ್ಲೂ ಸ್ಕ್ರೀನ್. ಎದುರಿಗೇ ಕುರ್ಚಿಯಲ್ಲಿ ಹುಡುಗಿಯ ಅಪ್ಪ. "ಏನಾತ್ರೀ?" ಅಂದರು. ಏನಾಯಿತು ಅಂತ ನನಗೆ ಗೊತ್ತಿದ್ದರೆ ತಾನೇ!

ಮೊದಲು ಬಿಸಿಲನ್ನು ಬೈದೆ. ನಮ್ಮೂರ ಏಪ್ರಿಲ್ ಅಂದ್ರೆ 40 ಡಿಗ್ರಿ ದಾಟಿರುತ್ತೆ. ಕ್ಯಾಬಿನೆಟ್ ಬಿಚ್ಚಿ ಧೂಳು ಊದಿ, ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿಟ್ಟೆ. ಸರಿಹೋಗಲಿಲ್ಲ. ಆಮೇಲೆ ಕರೆಂಟನ್ನು ಬೈದೆ. ಪಕ್ಕದಲ್ಲೇ ಶಕ್ತಿನಗರದ ಸ್ಥಾವರ, ಆದರೂ ಕರೆಂಟ್ ಯಾವಾಗ ಹೋಗುತ್ತೆ ಅಂತ ಕಾಯೋರು ನಾವು. ಯುಪಿಎಸ್ ಬದಲಿಸಿದೆ. ಅದಕ್ಕೂ ಬಗ್ಗಲಿಲ್ಲ. ರಿಪೇರಿ ಅಂಗಡಿಯ ಹುಡುಗ ಬಂದು ಐದು ನಿಮಿಷ ನೋಡಿ, "ಸರ, ಬೋರ್ಡ್ ಹೋಗ್ಯಾದ" ಅಂದ. ಬೋರ್ಡು, ಪ್ರೊಸೆಸರ್ ಸೇರಿ 14,000 ಅಂದ. ದುಡ್ಡು ಇರಲಿಲ್ಲ. ಅದೇ ಒಳ್ಳೆಯದಾಯಿತು.

ನಾನೂ ನಿಮ್ಮ ಹಾಗೇ ಹಳೇ ರ‍್ಯಾಮ್ ಪಕ್ಕ ಹೊಸದು ಹಾಕಿದ್ದೆ. ಹಳೇದು 2400, ಹೊಸದು 3200. ಇವು ಸ್ಪೀಡಿನ ಅಂಕಿ, ಸ್ಟಿಕ್ ಮೇಲಿನ ಚೀಟಿಯಲ್ಲಿ ಇರುತ್ತವೆ. ಸುಮ್ನೆ ಹಾಕಿ ಬಿಟ್ಟರೆ ಬೋರ್ಡ್ ಎರಡನ್ನೂ ಕಡಿಮೆ ಸ್ಪೀಡಿನಲ್ಲೇ ಓಡಿಸುತ್ತೆ. ನಾನು ಬಿಡಬೇಕಲ್ಲ! ಯೂಟ್ಯೂಬ್‌ನಲ್ಲಿ ಯಾರೋ ಹೇಳಿದರು ಅಂತ ಬಯೋಸ್‌ಗೆ (ವಿಂಡೋಸ್ ಏಳೋ ಮುಂಚೆ ಸಿಗೋ ಬೋರ್ಡಿನ ಸೆಟ್ಟಿಂಗ್ ಪುಟ) ಹೋಗಿ ಎಕ್ಸ್‌ಎಂಪಿ, ಅಂದರೆ ಚೀಟಿಯ ಮೇಲಿನ ಪೂರ್ತಿ ಸ್ಪೀಡಿಗೆ ಓಡಿಸೋ ಸೆಟ್ಟಿಂಗ್, ಆನ್ ಮಾಡಿದ್ದೆ. ಕೆಲವು ಬೋರ್ಡುಗಳಲ್ಲಿ ಅದನ್ನೇ ಡಿಒಸಿಪಿ ಅಂತಾರೆ, ಡಿಡಿಆರ್5 (ಡಿಡಿಆರ್4ರ ನಂತರದ ತಲೆಮಾರಿನ ರ‍್ಯಾಮ್) ಇರೋ ಎಎಂಡಿ ಬೋರ್ಡುಗಳಲ್ಲಿ ಎಕ್ಸ್‌ಪೋ.

ಡಿಡಿಆರ್4 ರ‍್ಯಾಮ್‌ಗೆ ಮಾಮೂಲಿ ವೋಲ್ಟೇಜ್ 1.2. ಎಕ್ಸ್‌ಎಂಪಿ ಇರೋ ಎಷ್ಟೋ ಸ್ಟಿಕ್‌ಗಳಲ್ಲಿ ಚೀಟಿಯ ಮೇಲಿನ ಸ್ಪೀಡ್ ಬರಬೇಕಾದರೆ 1.35 ವೋಲ್ಟ್ ಬೇಕು. ಅಂದರೆ ಆ ಪ್ರೊಫೈಲ್ ಒಂದು ಥರದ ಓವರ್‌ಕ್ಲಾಕಿಂಗೇ, ಮಾಮೂಲಿಗಿಂತ ಜೋರಾಗಿ ಓಡಿಸೋದು. ಅದನ್ನು ಸ್ಟಿಕ್ಕು, ಬೋರ್ಡು, ಪ್ರೊಸೆಸರ್ ಮೂರೂ ತಾಳಿಕೊಳ್ಳಬೇಕು. ನನ್ನ ಪ್ರೊಸೆಸರಿಗೆ ಕಂಪನಿಯೇ ಹೇಳಿದ್ದ ಮಿತಿ 2933. ಹೊಸ ಹೋರಿ ಜೊತೆ ಮುದಿ ಎತ್ತು ಹೂಡಿದರೆ, ಮುದಿಯ ನಡಿಗೆಗೆ ಹೋಗೋ ತನಕ ತೊಂದರೆ ಇಲ್ಲ. ಹೋರಿಯ ನಡಿಗೆಗೆ ಬಾರಕೋಲು ಬೀಸಿದರೆ ಮುದಿ ಎತ್ತು ಸಾಲಿನಲ್ಲೇ ಮಲಗುತ್ತೆ. ನಾನು ಮಾಡಿದ್ದು ಅದನ್ನೇ.

ಇದು ಗೊತ್ತಾಗಿದ್ದು ಹೇಗೆ ಅನ್ನೋದು ತಮಾಷೆ. ನನ್ನ ಬೋರ್ಡಿನ ಬಿಲ್ಲೆ ಸೆಲ್ ಸತ್ತಿತ್ತು. ರಾತ್ರಿ ಸ್ವಿಚ್ ಆರಿಸಿ ಹೋದರೆ ಬೆಳಗ್ಗೆ ತಾರೀಖು ಮರೆತು, ಎಫ್1 ಒತ್ತು ಅಂತ ಕೇಳೋದು. ಬಿಡುವಿದ್ದ ದಿನ ಬಯೋಸ್‌ಗೆ ಹೋಗಿ ತಾರೀಖು ಸರಿಮಾಡಿ, ಎಕ್ಸ್‌ಎಂಪಿಯನ್ನೂ ಮತ್ತೆ ಆನ್ ಮಾಡುತ್ತಿದ್ದೆ. ಗಿರಾಕಿ ನಿಂತಿದ್ದರೆ ಎಫ್1 ಒತ್ತಿ ಹಾಗೇ ಮುಂದೆ. ಒಂದು ದಿನ ನಮ್ಮ ಹುಡುಗ ಅಂದ, "ಅಣ್ಣಾ, ಗದ್ದಲ ಇದ್ದ ದಿನ ಇದು ಕೈ ಕೊಡಲ್ಲ ನೋಡು." ತಲೆಗೆ ಹೊಳೆದಿದ್ದು ಆಗ. ಗದ್ದಲ ಇದ್ದ ದಿನ ನಾನು ಬಯೋಸ್‌ಗೆ ಹೋಗುತ್ತಿರಲಿಲ್ಲ. ಸೆಲ್ ಸತ್ತು ಸೆಟ್ಟಿಂಗೆಲ್ಲ ಅಳಿಸಿಹೋಗಿ ರ‍್ಯಾಮ್ ತನ್ನ ಮಾಮೂಲಿ ಸ್ಪೀಡಿನಲ್ಲಿ ಓಡುತ್ತಿತ್ತು!

ಹಾಗಾಗಿ ನೀವು ಮೊದಲು ಮಾಡಬೇಕಾದ್ದು ದುಡ್ಡಿಲ್ಲದ ಕೆಲಸ. ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ ಹೋಗಿ. ಒಳಗೆ ಎಲ್ಲ ಪುಟಗಳ ಫೋಟೊ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ಆಮೇಲೆ ಡಿಫಾಲ್ಟ್ ಲೋಡ್ ಮಾಡಿ ಸೇವ್ ಮಾಡಿ. ವಿಂಡೋಸ್ ಏಳದಿದ್ದರೆ ಡಿಸ್ಕಿನ ಸೆಟ್ಟಿಂಗ್ ಬದಲಾಗಿರುತ್ತೆ, ಫೋಟೊ ನೋಡಿ ಅದೊಂದನ್ನು ವಾಪಸ್ ಮಾಡಿದರೆ ಸಾಕು. ಎರಡು ದಿನ ಓಡಿಸಿ ನೋಡಿ. ಆಗಲೂ ಬ್ಲೂ ಸ್ಕ್ರೀನ್ ಬಂದರೆ ಪ್ಲಗ್ ಕಿತ್ತು, ಹೊಸ ಸ್ಟಿಕ್ ತೆಗೆದು, ಹಳೇದೊಂದರಲ್ಲೇ ಎರಡು ದಿನ. ಒಂದು ಸಲಕ್ಕೆ ಒಂದೇ ಬದಲಾವಣೆ. ನಮ್ಮ ರಿಪೇರಿಯವರು ಎಡವೋದು ಇಲ್ಲೇ. ರ‍್ಯಾಮ್ ಉಜ್ಜಿ, ಕೇಬಲ್ ಬದಲಿಸಿ, ವಿಂಡೋಸ್ ಹಾಕಿ ಎಲ್ಲ ಒಟ್ಟಿಗೇ ಮಾಡುತ್ತಾರೆ. ಸರಿಹೋದರೂ ಯಾವುದರಿಂದ ಅಂತ ಯಾರಿಗೂ ಗೊತ್ತಿರಲ್ಲ.

ರ‍್ಯಾಮ್ ಪರೀಕ್ಷೆಗೆ ವಿಂಡೋಸ್‌ನಲ್ಲೇ ಮೆಮೊರಿ ಡಯಾಗ್ನೋಸ್ಟಿಕ್ ಅಂತ ಒಂದಿದೆ. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ, ಪಾಸ್ ಅಂದಿದ್ದ ಸ್ಟಿಕ್ಕೇ ಆಮೇಲೆ ಫೇಲ್ ಆಗಿದ್ದು ನೋಡಿದ್ದೇನೆ. ಮೆಮ್‌ಟೆಸ್ಟ್86 ಪ್ಲಸ್ ಅಂತ ಪುಕ್ಕಟೆ ಸಿಗುತ್ತೆ. ಪೆನ್‌ಡ್ರೈವಿಗೆ ಹಾಕಿ (ಟ್ಯಾಲಿ ಕಾಪಿ ಇರೋ ಪೆನ್‌ಡ್ರೈವ್ ಅಲ್ಲ, ಅದರಲ್ಲಿದ್ದದ್ದು ಅಳಿಸಿಹೋಗುತ್ತೆ), ಅದರಿಂದ ಬೂಟ್ ಮಾಡಿ, ರಾತ್ರಿ ಬಿಟ್ಟು ಮನೆಗೆ ಹೋಗಿ. ಕಡೇಪಕ್ಷ ನಾಲ್ಕು ಪಾಸ್, ಅಂದರೆ ನಾಲ್ಕು ಸುತ್ತು ಪರೀಕ್ಷೆ, ಆಗಲಿ. ಬೆಳಗ್ಗೆ ಒಂದೇ ಒಂದು ಎರರ್ ಇದ್ದರೂ ಅದು ಫೇಲೇ. ಸಾವಿರಕ್ಕೆ ಒಂದು ತಾನೇ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಎರರ್ ಬಂದರೆ ಒಂದೊಂದೇ ಸ್ಟಿಕ್ ಹಾಕಿ ಮತ್ತೆ ನೋಡಿ. ಬೇರೆ ಬೇರೆ ಸ್ಟಿಕ್ ಹಾಕಿದರೂ ಒಂದೇ ಸ್ಲಾಟಿನಲ್ಲಿ ಎರರ್ ಬಂದರೆ ಆಗ ಮಾತ್ರ ಬೋರ್ಡಿನ ಮೇಲೆ ಅನುಮಾನ ಪಡಿ.

ಇನ್ನೊಂದು. ರ‍್ಯಾಮ್ ಸರಿ ಇದೆ ಅಂತ ಖಾತ್ರಿ ಆಗೋ ತನಕ ವಿಂಡೋಸ್ ಹಾಕಿಸಬೇಡಿ, ಚೆಕ್‌ಡಿಸ್ಕ್ (ಡಿಸ್ಕಿನ ತಪ್ಪು ಹುಡುಕಿ ಸರಿಪಡಿಸೋ ವಿಂಡೋಸ್ ಕಮಾಂಡ್) ಓಡಿಸಬೇಡಿ. ಕೆಟ್ಟ ರ‍್ಯಾಮ್ ಮೂಲಕ ಡಿಸ್ಕಿಗೆ ಬರೆದದ್ದೂ ಕೆಡಬಹುದು. ನಿಮ್ಮ ಎರಡು ಸಲದ ವಿಂಡೋಸಿಗೂ ಹಾಗೇ ಆಗಿರಬಹುದು.

ನನ್ನ ಕತೆಗೆ ಬರ್ತೀನಿ. ಎಕ್ಸ್‌ಎಂಪಿ ಆಫ್ ಮಾಡಿದೆ, ಹೊಸ ಸೆಲ್ ಹಾಕಿದೆ. ದಿನಕ್ಕೆ ಮೂರು ಸಲ ಬೀಳುತ್ತಿದ್ದದ್ದು ನಿಂತಿತು. ಗೆದ್ದೆ ಅಂದುಕೊಂಡೆ. ಐದನೇ ದಿನ ಮತ್ತೆ ಬ್ಲೂ ಸ್ಕ್ರೀನ್!

ಈ ಸಲ ಸುಮ್ನೆ ರೀಸ್ಟಾರ್ಟ್ ಮಾಡದೆ ಕೆಳಗಿನ ಸಾಲು ಓದಿದೆ. ಮೊದಲು ಬರುತ್ತಿದ್ದವು ಒಂದೊಂದು ಸಲ ಒಂದೊಂದು ಥರ. ಒಮ್ಮೆ ಮೆಮೊರಿ ಮ್ಯಾನೇಜ್‌ಮೆಂಟ್, ಒಮ್ಮೆ ಐಆರ್‌ಕ್ಯೂಎಲ್ ಅಂತೇನೋ, ಒಮ್ಮೆ ಪೇಜ್ ಫಾಲ್ಟ್. ಹೀಗೆ ಮಾತು ಬದಲಿಸುತ್ತಿದ್ದರೆ ನಾನು ಮೊದಲು ನೋಡೋದು ರ‍್ಯಾಮ್. ಈಗ ಬಂದದ್ದು ಕರ್ನಲ್ ಡೇಟಾ ಇನ್‌ಪೇಜ್ ಎರರ್. ಎರಡು ದಿನ ಬಿಟ್ಟು ಮತ್ತೆ ಅದೇ. ಬೀಳೋ ಮುಂಚೆ ಒಂದು ನಿಮಿಷ ಎಲ್ಲ ಹಿಡಿದಿಟ್ಟ ಹಾಗೆ ನಿಲ್ಲುತ್ತಿತ್ತು. ಕಿವಿ ಕೊಟ್ಟರೆ ಒಳಗಿಂದ ಸಣ್ಣಗೆ ಕಟಕ್, ಕಟಕ್.

ಹೆಸರು ಕೇಳಿದರೆ ಇದೂ ಮೆಮೊರಿ ತೊಂದರೆ ಅನಿಸುತ್ತೆ. ಸಾಮಾನ್ಯವಾಗಿ ಅಲ್ಲ, ಡಿಸ್ಕಿನದು. ದಲ್ಲಾಳಿ ಅಂಗಡಿಯನ್ನು ನೆನೆಸಿಕೊಳ್ಳಿ. ಗುಮಾಸ್ತನ ಮೇಜಿನ ಮೇಲೆ ಜಾಗ ಸಾಲದಿದ್ದರೆ ಸದ್ಯಕ್ಕೆ ಬೇಡದ ವಹಿಗಳನ್ನು ಒಳಗಿನ ಕಪಾಟಿಗೆ ಕಳಿಸುತ್ತಾನೆ. ಬೇಕಾದಾಗ ತರಿಸುತ್ತಾನೆ. ವಿಂಡೋಸ್ ಕೂಡ ರ‍್ಯಾಮ್‌ನಲ್ಲಿದ್ದ ಕೆಲವನ್ನು ಡಿಸ್ಕಿನ ಪೇಜ್ ಫೈಲಿಗೆ ಕಳಿಸಿರುತ್ತೆ. ಒಂದು ದಿನ ತಾ ಅಂದಾಗ, "ವಹಿಗೆ ಗೆದ್ದಲು ಹಿಡಿದಿದೆ ರೀ, ಓದಕ್ಕಾಗಲ್ಲ" ಅಂತ ಒಳಗಿಂದ ಉತ್ತರ ಬಂದರೆ? ಆ ಹಾಳೆ ಇಲ್ಲದೆ ಮುಂದೆ ಹೋಗೋಕಾಗಲ್ಲ ಅಂತ ವಿಂಡೋಸ್ ಅಂಗಡಿಯನ್ನೇ ಮುಚ್ಚಿಬಿಡುತ್ತೆ. ಅದೇ ಆ ಬ್ಲೂ ಸ್ಕ್ರೀನ್. ಪೇಜ್ ಫೈಲನ್ನೇ ಆಫ್ ಮಾಡಿ ಅಂತ ಸಲಹೆ ಕೊಡೋರಿದ್ದಾರೆ, ಕೇಳಬೇಡಿ. ಗೆದ್ದಲು ಹೋಗಲ್ಲ, ಮೇಲಾಗಿ ಯಾಕೆ ಬಿತ್ತು ಅಂತ ವಿಂಡೋಸ್ ಬರೆದಿಡೋ ಡಂಪ್ ಫೈಲಿಗೂ ಕಲ್ಲು ಬೀಳುತ್ತೆ.

ಡಿಸ್ಕಿನ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಸಾಫ್ಟ್‌ವೇರ್ ಹಾಕಿ ನೋಡಿದೆ. ಹಳದಿ ಬಣ್ಣ, ಕಾಷನ್. 05, ಸಿ5, ಸಿ6 ಅಂತ ಸಾಲುಗಳಿರುತ್ತವೆ. 05 ಅಂದರೆ ಡಿಸ್ಕು ಈಗಾಗಲೇ ಕೈಬಿಟ್ಟು ಬದಲಿ ಕೊಟ್ಟ ಸೆಕ್ಟರುಗಳು (ಡಿಸ್ಕಿನ ಸಣ್ಣ ಸಣ್ಣ ತುಣುಕು ಜಾಗಗಳು). ಸಿ5 ಅಂದರೆ ಓದಕ್ಕಾಗದೆ ತೀರ್ಮಾನಕ್ಕೆ ಕಾಯುತ್ತಿರುವವು. ಸಿ6, ಪರೀಕ್ಷೆ ಮಾಡಿದರೂ ಓದಕ್ಕೆ ಬರದವು. ನನ್ನ ಸಿ5 ಸಾಲಿನಲ್ಲಿ ಸೊನ್ನೆಗಳ ಕೊನೆಗೆ 48. ನಲವತ್ತೆಂಟು ಅಂತ ಓದಿದೆ. ಆಮೇಲೆ ಗೊತ್ತಾಯಿತು, ಆ ಸಾಫ್ಟ್‌ವೇರ್ ಅಂಕಿ ತೋರಿಸೋದು ಹೆಕ್ಸ್‌ನಲ್ಲಿ, ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ. ಅಂದರೆ 72. ನೀವು ಫಂಕ್ಷನ್ ಮೆನುವಿನಲ್ಲಿ ಅಡ್ವಾನ್ಸ್ಡ್ ಫೀಚರ್, ಅದರೊಳಗೆ ರಾ ವ್ಯಾಲ್ಯೂಸ್‌ಗೆ ಹೋಗಿ 10 ಅಂತ ಮಾಡಿಕೊಳ್ಳಿ, ಮಾಮೂಲಿ ಅಂಕಿ ಬರುತ್ತೆ.

ಸಿ7 ಅನ್ನೋ ಸಾಲಿನಲ್ಲಿ ಮಾತ್ರ ಅಂಕಿ ಏರುತ್ತಿದ್ದು ಉಳಿದವು ಸೊನ್ನೆ ಇದ್ದರೆ ಖುಷಿಪಡಿ. ಅದು ಹೆಚ್ಚಾಗಿ ಕೇಬಲ್ಲಿನದು. ಡಿಸ್ಕಿನಿಂದ ಬೋರ್ಡಿಗೆ ಹೋಗೋ ಸಾಟಾ ಕೇಬಲ್ ಹೊಸದು ಹಾಕಿದರೆ ಏರೋದು ನಿಲ್ಲುತ್ತೆ. ಹಳೇ ಅಂಕಿ ಮಾತ್ರ ಹಾಗೇ ಉಳಿಯುತ್ತೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಒಂದು ಮೋಸವನ್ನೂ ಹೇಳಿಬಿಡ್ತೀನಿ. ಡಿಸ್ಕನ್ನು ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಸಿ5 ಸೊನ್ನೆಗೆ ಇಳಿಯಬಹುದು. ಕಾಯುತ್ತಿದ್ದ ಸೆಕ್ಟರಿಗೆ ಹೊಸದಾಗಿ ಬರೆದಾಗ ಒಂದೋ ಅದು ಸರಿ ಅಂತ ತೀರ್ಮಾನ ಆಗುತ್ತೆ, ಇಲ್ಲಾ 05ರ ಲೆಕ್ಕಕ್ಕೆ ಹೋಗುತ್ತೆ. ನಮ್ಮ ಪರಿಚಯದವರಿಗೆ ಒಬ್ಬರು ಹೀಗೇ ಡಿಸ್ಕ್ 'ರಿಪೇರಿ' ಮಾಡಿಕೊಟ್ಟಿದ್ದರು. ಮೂರು ತಿಂಗಳಿಗೆ ಮಕಾಡೆ ಮಲಗಿತು. 05ರಲ್ಲಿ ಅಂಕಿ ವಾರ ವಾರ ಏರುತ್ತಿದ್ದರೆ ಆ ಡಿಸ್ಕನ್ನು ಯಾವ ಕೆಲಸಕ್ಕೂ ನಂಬಬೇಡಿ, ಸಿನಿಮಾ ಇಡೋಕೂ.

ಕಾಪಿ ಮಾಡುವಾಗ ನಾನೊಂದು ತಪ್ಪು ಮಾಡಿದೆ. ಇಡೀ ಡಿ ಡ್ರೈವನ್ನು ಎಳೆದು ಬಿಟ್ಟೆ. ಕೆಟ್ಟ ಜಾಗದಲ್ಲಿದ್ದ ಒಂದು ಹಳೇ ವಿಡಿಯೊ ಹತ್ತಿರ ಸಿಕ್ಕಿಹಾಕಿಕೊಂಡು ಮೂರು ಗಂಟೆ ಕಟಕ್ ಕಟಕ್. ಯಾರಿಗೂ ಬೇಡದ ಆ ವಿಡಿಯೊಗೋಸ್ಕರ ಡಿಸ್ಕಿನ ಉಳಿದ ಆಯಸ್ಸು ಕರಗಿತು. ಎರಡು ವರ್ಷದ ಕಾರ್ಡ್ ಡಿಸೈನುಗಳಲ್ಲಿ ಅರ್ಧ ಸಿಗಲಿಲ್ಲ. ಮೊದಲು ಬೇಕೇ ಬೇಕಾದ ಸಣ್ಣ ಫೋಲ್ಡರ್, ಆಮೇಲೆ ದೊಡ್ಡದು. ರೋಬೊಕಾಪಿ (ವಿಂಡೋಸಿನ ಕಾಪಿ ಕಮಾಂಡ್) ಬಳಸೋದಾದರೆ ಒಂದು ಎಚ್ಚರ. ಏನೂ ಹೇಳದಿದ್ದರೆ ಅದು ಓದಲಾಗದ ಒಂದೊಂದು ಫೈಲನ್ನೂ 10 ಲಕ್ಷ ಸಲ, 30 ಸೆಕೆಂಡಿಗೊಮ್ಮೆ ಪ್ರಯತ್ನ ಮಾಡುತ್ತೆ! ಪ್ರಯತ್ನ ಒಂದು, ಕಾಯೋದು ಒಂದು ಸೆಕೆಂಡ್ ಅಂತ ಮೊದಲೇ ಹೇಳಿಬಿಡಿ. ಡಿಸ್ಕ್ ಏಳೋದೇ ಕಷ್ಟ ಆಗಿದ್ದರೆ ಎಲ್ಲ ಬಿಟ್ಟು ಆರಿಸಿ, ಡೇಟಾ ರಿಕವರಿ ಮಾಡೋರಿಗೆ ಕೊಡಿ. ಫ್ರಿಜ್ಜಿನಲ್ಲಿಟ್ಟು ತೆಗೆಯೋ ಆಟವೆಲ್ಲ ಬೇಡ.

ಆ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಹೊಸದಾಗಿ ಹಾಕಿದೆ. ಹುಡುಗ 'ಹೋಗ್ಯಾದ' ಅಂದಿದ್ದ ಬೋರ್ಡಿನಲ್ಲೇ ಇವತ್ತಿಗೂ ಕಾರ್ಡು ಮಾಡ್ತಿದ್ದೀನಿ. ಹೊಸ ರ‍್ಯಾಮ್ ಕೂಡ ಅದೇ, 2400ರಲ್ಲಿ ಓಡ್ತಿದೆ. ಎಸ್‌ಎಸ್‌ಡಿ ಅಂತ ಬ್ಯಾಕಪ್ ಬಿಟ್ಟಿಲ್ಲ, ಅದು ಕೆಡುವಾಗ ಎಷ್ಟೋ ಸಲ ಕಟಕ್ ಅನ್ನೋ ಸೂಚನೆಯನ್ನೂ ಕೊಡಲ್ಲ.

ನಿಮ್ಮದರಲ್ಲಿ 'ಬ್ಲೂ ಸ್ಕ್ರೀನ್ ಬರಲ್ಲ, ಹಾಗೇ ನಿಲ್ಲುತ್ತೆ' ಅಂದಿದ್ದೀರಲ್ಲ, ಅದಕ್ಕೇ ನನಗೆ ರ‍್ಯಾಮ್ ಒಂದರದ್ದೇ ತಪ್ಪು ಅನಿಸ್ತಿಲ್ಲ. ವಿಂಡೋಸ್ ಏನೇನಾಯಿತು ಅಂತ ಬರೆದಿಟ್ಟದ್ದನ್ನು ತೋರಿಸೋ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್‌ನಲ್ಲಿ ಕರ್ನಲ್ ಪವರ್ 41 ಹುಡುಕಿ. ಅದರ ವಿವರದಲ್ಲಿ ಬಗ್‌ಚೆಕ್‌ಕೋಡ್ ಅಂತ ಇರುತ್ತೆ. 26 ಇದ್ದರೆ ಮೆಮೊರಿ ಮ್ಯಾನೇಜ್‌ಮೆಂಟ್, 122 ಇದ್ದರೆ ನಾನು ಹೇಳಿದ ಆ ಗೆದ್ದಲಿನದು. 0 ಇದ್ದರೆ ಕರೆಂಟ್ ಹೋಗಿದ್ದೋ, ನೀವೇ ಬಟನ್ ಒತ್ತಿ ಆರಿಸಿದ್ದೋ, ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ) ಕೈಕೊಟ್ಟಿದ್ದೋ ಇರಬಹುದು. ಅದೇ ಲಾಗ್‌ನಲ್ಲಿ ಡಿಸ್ಕ್ ಅನ್ನೋ ಹೆಸರಿನಲ್ಲಿ 7ನೇ ನಂಬರಿನ ಈವೆಂಟ್ ಇದ್ದರೆ ಬ್ಯಾಡ್ ಬ್ಲಾಕ್ ಸಿಕ್ಕಿದೆ ಅಂತ ಅರ್ಥ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಪರದೆಯ ಫೋಟೊ, ಎರಡೂ ರ‍್ಯಾಮ್ ಚೀಟಿಗಳ ಫೋಟೊ ಇಲ್ಲೇ ಹಾಕಿ, ನೋಡಿ ಹೇಳ್ತೀನಿ. 05, ಸಿ5, ಸಿ7 ಸಾಲು ಕಾಣೋ ಹಾಗಿರಲಿ. ಡಿಸ್ಕಿನ ಸೀರಿಯಲ್ ನಂಬರ್ ಮೇಲೆ ಬೆರಳಿಟ್ಟು ತೆಗೀರಿ.