ಇನ್ನೂ ಯಾರೂ "ಇಲ್ಲ" ಅಂದಿರಲಿಲ್ಲ

ಸಂಬಳ ಜಾಸ್ತಿ ಕೇಳೋಕೆ ಆಗದೆ ಒಳಗೊಳಗೇ ಕುದಿಯುವವರು ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಪದೇ ಪದೇ ಬರುತ್ತಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಹಾಗೆ ಬಂದ ಒಬ್ಬರು ಒಂದೇ ಕಂಪನಿಯಲ್ಲಿ ವರ್ಷಗಟ್ಟಲೆ ಇದ್ದವರು. ನಿದ್ದೆ ಇಲ್ಲ, ಆಫೀಸ್ ಅಂದರೆ ಸಿಟ್ಟು. ಕಾರಣ ನಿಧಾನಕ್ಕೆ ಹೊರಬಂತು. ಇವರೇ ಕೆಲಸ ಕಲಿಸಿದ ಹೊಸಬನಿಗೆ ಇವರಿಗಿಂತ ಜಾಸ್ತಿ ಸಂಬಳ. ಇದೇನೂ ಅಪರೂಪವಲ್ಲ. ಹೊಸಬರು ಬೇಕಾದರೆ ಮಾರುಕಟ್ಟೆಯ ದರ ಕೊಡಲೇಬೇಕು, ಒಳಗಿದ್ದವರಿಗೆ ಹಳೇ ಸಂಬಳದ ಮೇಲೆ ಇಷ್ಟು ಪರ್ಸೆಂಟ್ ಅಂತ ಏರಿಸುತ್ತಾರೆ, ಹಾಗಾಗಿ ಸುಮ್ಮನಿದ್ದವರು ಹಿಂದೆ ಬೀಳುತ್ತಾರೆ. ಇವರು ಅದನ್ನು ತಮ್ಮ ಯೋಗ್ಯತೆಗೆ ಬಿದ್ದ ಪೆಟ್ಟು ಅಂದುಕೊಂಡಿದ್ದರು.

"ಕೇಳಿದ್ರಾ?" ಅಂದೆ.

"ಅವರಿಗೇ ಗೊತ್ತಾಗಬೇಕಲ್ವಾ ಮೇಡಂ?"

ನಾನೇ ಮ್ಯಾನೇಜರ್ ಅಂದುಕೊಂಡು ಈಗ ಕೇಳಿ ಅಂದೆ. ಮನೆ ಸಾಲದಿಂದ ಶುರು ಮಾಡಿದರು. ಅಪ್ಪನ ಔಷಧಿ, ಮಗುವಿನ ಫೀಸು, ಕೊನೆಗೆ ಆ ಹೊಸಬ. ಮಧ್ಯೆ ತಡೆದು "ಎಷ್ಟು ಬೇಕು?" ಅಂದೆ. "ಒಂದು 20 ಪರ್ಸೆಂಟ್... ಆಗದಿದ್ರೆ 10 ಆದ್ರೂ... ಕಷ್ಟ ಅಂದ್ರೆ ಪರವಾಗಿಲ್ಲ ಸರ್, ಮುಂದಿನ ವರ್ಷ ನೋಡೋಣ."

ನಾನಿನ್ನೂ ಬಾಯಿಯೇ ಬಿಟ್ಟಿರಲಿಲ್ಲ. ಅದನ್ನೇ ಹೇಳಿದೆ. "ಈಗ ಇಲ್ಲ ಅಂದವರು ಯಾರು? ನಾನಂತೂ ಅಲ್ಲ." ಅವರ ಕೈ ಮೊಬೈಲ್ ಕವರನ್ನು ತೆಗೆಯುವುದು, ಹಾಕುವುದು ಮಾಡುತ್ತಿತ್ತು. ತುಂಬಾ ಹೊತ್ತಾದ ಮೇಲೆ "ಮನೇಲೂ ನಾನು ಹೀಗೇ. ಏನಾದ್ರೂ ಕೇಳಿದ್ರೆ ಕಾಡಿದ ಹಾಗೆ ಅಂತಲೇ ಬೆಳೆದಿದ್ದೀನಿ" ಅಂದರು. ಅವತ್ತು ಸಂಬಳದ ಮಾತು ಬಿಟ್ಟು ಇದನ್ನೇ ಮಾತಾಡಿದೆವು.

ಮುಂದಿನ ಸಲ ಕೊಟ್ಟ ಸಲಹೆ ಇದು. ಸಾಲ, ಔಷಧಿ ಎಲ್ಲಾ ನಿಜ, ಆದರೆ ನಿಮ್ಮ ಮ್ಯಾನೇಜರ್ ಅದನ್ನು ಹಿಡಿದುಕೊಂಡು ಮೇಲಿನವರ ಹತ್ತಿರ ಹೋಗೋಕೆ ಆಗಲ್ಲ. ಹೆಚ್ಚಿನ ಕಡೆ ಅವರೊಬ್ಬರೇ ತೀರ್ಮಾನ ಮಾಡುವುದೂ ಇಲ್ಲ, ಎಚ್‌ಆರ್ ಮತ್ತು ಫೈನಾನ್ಸ್‌ನವರನ್ನು ಒಪ್ಪಿಸಬೇಕು. ಅವರು ಅಲ್ಲಿ ಹೇಳಬಹುದಾದದ್ದನ್ನು ನೀವು ಬರೆದುಕೊಡಿ: ಸೇರಿದಾಗಿನ ಕೆಲಸಕ್ಕಿಂತ ಹೆಚ್ಚಾಗಿ ಏನೇನು ಹೊತ್ತಿದ್ದೀರಿ, ಅದರಿಂದ ಕಂಪನಿಗೆ ಏನು ಉಳಿಯಿತು, ಹೊರಗೆ ಈ ಕೆಲಸಕ್ಕೆ ಎಷ್ಟು ಸಿಗುತ್ತದೆ. ಹೊಸಬನ ಹೆಸರು ಬೇಡ. ಒಂದೇ ಅಂಕಿ ಹೇಳಿ, ಆಮೇಲೆ ಸುಮ್ಮನಿರಿ. ಇನ್ನೊಂದು, ಅಪ್ರೈಸಲ್ ಮೀಟಿಂಗ್ ತನಕ ಕಾಯಬೇಡಿ, ಅಷ್ಟು ಹೊತ್ತಿಗೆ ದುಡ್ಡು ಹಂಚಿ ಆಗಿರುತ್ತದೆ. ಬಜೆಟ್ ತೀರ್ಮಾನ ಆಗುವ ಮೊದಲೇ ಮಾತಾಡಿ.

ಬೇರೆ ಕಂಪನಿಯ ಆಫರ್ ಲೆಟರ್ ತೋರಿಸಿ ಹೆದರಿಸು ಅಂತ ಸ್ನೇಹಿತರು ಹೇಳಿದ್ದರಂತೆ. ಬೇಡ ಅಂದೆ. ಇದನ್ನು ಓದಿ ಕೆಲವರಿಗೆ ಸಿಟ್ಟು ಬರಬಹುದು, ಎಷ್ಟೋ ಜನಕ್ಕೆ ಅದರಿಂದಲೇ ಸಂಬಳ ಏರಿದೆ, ಗೊತ್ತು. ಆದರೆ "ಸರಿ, ಹೋಗಿ" ಅಂದರೆ ನಿಜವಾಗಿ ಹೋಗುವವರು ಮಾತ್ರ ಆ ಮಾತು ಆಡಬೇಕು. ಇವರು ಆಗ ಹೋಗುವ ಸ್ಥಿತಿಯಲ್ಲಿ ಇರಲಿಲ್ಲ.

ಆಪ್ತಸಲಹೆಗಾರರಿಗೆ ಸಂಬಳದ ಉಸಾಬರಿ ಯಾಕೆ, ಸಿಟ್ಟು ನಿಭಾಯಿಸೋದು ಕಲಿಸಿದರೆ ಸಾಲದಾ ಅಂತಲೂ ಕೇಳುತ್ತಾರೆ. ಸಾಲದು. ಬೆಲೆಗಳು 6 ಪರ್ಸೆಂಟ್ ಏರಿದ ವರ್ಷ ಸಂಬಳ 5 ಪರ್ಸೆಂಟ್ ಏರಿದರೆ ಅದು ಕಡಿತವೇ. ಮುಂದಿನ ಏರಿಕೆಗಳೂ ಆ ಸಣ್ಣ ಮೊತ್ತದ ಮೇಲೇ ಲೆಕ್ಕವಾಗುತ್ತವೆ. ಅನ್ಯಾಯ ಆಗಿರುವ ಕಡೆ ಉಸಿರಾಟದ ಅಭ್ಯಾಸ ಮಾತ್ರ ಹೇಳಿಕೊಟ್ಟು ಕಳಿಸಲು ನನಗೆ ಮನಸ್ಸು ಒಪ್ಪುವುದಿಲ್ಲ.

ಅವರು ಹೋಗಿ ಕೇಳಿದರು, ಅಂಕಿ ಇಳಿಸಲಿಲ್ಲ. ಕೇಳಿದಷ್ಟು ಸಿಗಲಿಲ್ಲ. ಒಂದಿಷ್ಟು ಈಗ, ಉಳಿದದ್ದು ಆರು ತಿಂಗಳ ನಂತರ ನೋಡೋಣ ಅಂತ ಮ್ಯಾನೇಜರ್ ಅಂದರಂತೆ. ಯಾವ ಕೆಲಸ ಮುಗಿದರೆ ನೋಡುತ್ತೀರಿ ಅಂತ ಕೇಳಿ, ಆ ಮಾತನ್ನು ಅವತ್ತೇ ಮೇಲ್‌ನಲ್ಲಿ ಬರೆದು ಕಳಿಸಿದ್ದಾರೆ. ಜೊತೆಗೆ ಹೊರಗೂ ಕೆಲಸ ಹುಡುಕಲು ಶುರು ಮಾಡಿದ್ದಾರೆ. ಅದಕ್ಕೂ ನಾನು ಸರಿ ಅಂದಿದ್ದೇನೆ.